ಕಿನ್ನಾಳದ ಕಿಟ್ಟ: ನಾರು, ಅಂಟು ಮತ್ತು ಬಲಪರೀಕ್ಷೆ

ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳನ್ನು ಕುರಿತ ಬರಹಗಳು ಬಹುಮಟ್ಟಿಗೆ ಬಣ್ಣ, ಆಕಾರಗಳಲ್ಲಿಯೇ ನಿಂತುಬಿಡುತ್ತವೆ. ಚಿತ್ರಗಾರರು ಬಳಸುವ ‘ಕಿಟ್ಟ’ ಅಲಕ್ಷ್ಯಕ್ಕೆ ಒಳಗಾಗಿದೆ. ಇದು ನಮ್ಮ ಅಧ್ಯಯನಕ್ರಮದ ಕೊರತೆಯೇ ಸರಿ. ನೆನೆಸಿದ ಸೆಣಬಿನ ಚಿಂದಿಯನ್ನು ಸಣ್ಣಗೆ ಕತ್ತರಿಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಹಾಗೂ ಹುಣಸೆಬೀಜದ ಅಂಟಿನೊಡನೆ ಕಲಸಿದರೆ ಕಿಟ್ಟ ಸಿದ್ಧವಾಗುತ್ತದೆ. ಗಾಜಿನ ನಾರನ್ನು ರಾಳದಲ್ಲಿ ಹುದುಗಿಸುವ ಫೈಬರ್‌ಗ್ಲಾಸಿನ ತತ್ತ್ವವೂ ಇದೇ: ಅಂಟು ಹೊರೆಯನ್ನು ಹಂಚುತ್ತದೆ, ನಾರು ಬಿರುಕನ್ನು ತಡೆಯುತ್ತದೆ.

ಇದರ ಬಲವನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಸೆಣಬು ಬೆರೆಸಿದ ಮತ್ತು ಬೆರೆಸದ, ಒಂದೇ ಅಳತೆಯ ಎರಡು ಪಟ್ಟಿಗಳನ್ನು ಪೂರ್ಣವಾಗಿ ಒಣಗಿಸಬೇಕು. ತೇವ ಉಳಿದರೆ ಪರೀಕ್ಷೆ ವ್ಯರ್ಥ. ತುದಿಗಳನ್ನು ಇಟ್ಟಿಗೆಗಳ ಮೇಲಿರಿಸಿ, ನಡುವೆ ತೂಗುಬಿಟ್ಟ ಚೀಲಕ್ಕೆ ಮರಳು ತುಂಬುತ್ತ, ಮುರಿದಾಗಿನ ತೂಕಗಳನ್ನು ಹೋಲಿಸಬೇಕು. ಮುರಿದ ಅಂಚನ್ನೂ ಗಮನಿಸಬೇಕು: ಎಳೆಗಳು ತುಂಡಾಗದೆ ಕಿತ್ತುಬಂದಿದ್ದರೆ ದೋಷ ನಾರಿನದಲ್ಲ, ಅಂಟಿನ ಹಿಡಿತದ್ದು.