ಕಾವಲಿನ ಕಣಗಳೂ ಮಾಂಸಖಂಡದ ಉರಿಯೂತವೂ

ಧನುರ್ಮಾಸದಲ್ಲಿ ಬೇಲೂರು ತಾಲ್ಲೂಕಿನ ಬಿಕ್ಕೋಡು ಸೀಮೆಯ ತೋಟಗಳಲ್ಲಿ ಕಾಫಿ ಹಣ್ಣು ಬಿಡಿಸುವವರಿಗೆ ಸಂಜೆಯ ಹೊತ್ತಿಗೆ ತೋಳು ನೋಯುವುದು ಸಹಜ. ರಾತ್ರಿಯ ನಿದ್ರೆಯಿಂದ ಅದು ಕಳೆಯುವುದೂ ಸಹಜ. ಆದರೆ ಅವರಲ್ಲೊಬ್ಬ ಹೆಂಗಸಿಗೆ ವಾರಗಳು ಕಳೆದಂತೆ ಕೈ ಮೇಲಕ್ಕೇಳದೆ, ತಲೆ ಬಾಚಿಕೊಳ್ಳಲಾಗದೆ, ನೆಲದಿಂದ ಏಳುವಾಗ ಗೋಡೆಯನ್ನು ಹಿಡಿಯಬೇಕಾಗಿ ಬಂದಿತೆಂದು ಭಾವಿಸೋಣ. ಮನೆಯವರು ಇದನ್ನು ವಾಯುವೆಂದಾರು, ದಣಿವೆಂದಾರು, ಮೈಗಳ್ಳತನವೆಂದೂ ಅಂದಾರು. ಹೆಚ್ಚು ನೋವಿಲ್ಲದೆ ಬಲ ಮಾತ್ರ ಕುಂದುವ ವ್ಯಾಧಿಗೆ ನಮ್ಮಲ್ಲಿ ಸಹಾನುಭೂತಿ ದೊರೆಯುವುದು ಕಷ್ಟ.

ಜರ್ಮನಿಯ ವಾಗ್ನರನು ೧೮೬೩ರಲ್ಲಿ ವರ್ಣಿಸಿದ ಈ ಬಗೆಯ ರೋಗಕ್ಕೆ ಪಾಲಿಮಯೋಸೈಟಿಸ್ ಎಂದೂ, ಚರ್ಮದಲ್ಲಿ ಕಲೆಗಳೂ ಕಾಣಿಸಿಕೊಂಡರೆ ಡರ್ಮಟೊಮಯೋಸೈಟಿಸ್ ಎಂದೂ ಹೆಸರು. ಊದಿದ ಮಾಂಸಖಂಡದಲ್ಲಿ ಹುಡುಕಿದರೆ ರೋಗಾಣು ಸಿಕ್ಕುವುದಿಲ್ಲ. ಸಿಕ್ಕುವುದು ನಮ್ಮದೇ ರಕ್ತದ ಬಿಳಿಯ ಕಣಗಳು.

ಬೇಲೂರಿನ ಚೆನ್ನಕೇಶವನ ಗರ್ಭಗುಡಿಯ ಬಾಗಿಲಲ್ಲಿ ಜಯವಿಜಯರು ನಿಂತಿದ್ದಾರೆ. ಬಿಡಬೇಕಾದ ಸನಕಾದಿಗಳನ್ನು ತಡೆದು ಶಾಪಕ್ಕೆ ಗುರಿಯಾದವರು ಇವರೇ. ದೇಹದ ಕಾವಲುಗಾರರ ತಪ್ಪು ಇದಕ್ಕಿಂತಲೂ ದೊಡ್ಡದು. ಅವರು ಮನೆಯವರ ಮೇಲೆಯೇ ಕೈಮಾಡುತ್ತಾರೆ.

ಅದು ಹೇಗೆಂದರೆ: ದೇಹದ ಬಹುತೇಕ ಜೀವಕೋಶಗಳು ತಮ್ಮೊಳಗಿನ ಪ್ರೋಟೀನಿನ ಚೂರುಗಳನ್ನು ತಟ್ಟೆಯಲ್ಲಿಟ್ಟಂತೆ ಹೊರಮೈಯಲ್ಲಿ ತೋರಿಸುತ್ತಿರುತ್ತವೆ. ಟಿ ಕಣಗಳು ಅವನ್ನು ಪರೀಕ್ಷಿಸಿ, ವೈರಸ್ಸಿನ ಚೂರು ಕಂಡರೆ ಆ ಕೋಶವನ್ನು ಕೊಲ್ಲುತ್ತವೆ. ಆರೋಗ್ಯವಾದ ಮಾಂಸತಂತು ಇಂಥ ತಟ್ಟೆಯನ್ನು ಹೊರಗಿಡುವುದೇ ಅಪೂರ್ವ; ಈ ರೋಗದಲ್ಲಿ ಹೇರಳವಾಗಿ ಇಡುತ್ತದೆ. ಟಿ ಕಣಗಳು ಇನ್ನೂ ಸಾಯದ ತಂತುವನ್ನು ಸುತ್ತುವರಿದು ಒಳನುಗ್ಗುವುದನ್ನು ಅರಾಹಾಟ ಮತ್ತು ಎಂಗೆಲ್ ಎಂಬ ವಿದ್ವಾಂಸರು ೧೯೮೪ರಲ್ಲಿ ತೋರಿಸಿಕೊಟ್ಟರು. ಪರ್ಫೋರಿನ್ ಎಂಬ ದ್ರವ್ಯದಿಂದ ಆ ಕಣಗಳು ತಂತುವಿನ ಗೋಡೆಗೆ ರಂಧ್ರ ಕೊರೆಯುತ್ತವೆ. ಆದರೆ ಹಿಂದೆ ಪಾಲಿಮಯೋಸೈಟಿಸ್ ಎಂದು ಕರೆದ ಎಷ್ಟೋ ರೋಗಗಳನ್ನು ಇಂದು ಬೇರೆ ಹೆಸರುಗಳಲ್ಲಿ ವಿಂಗಡಿಸುತ್ತಾರೆ. ಈ ಹೆಸರುಗಳ ಕಲಹದಲ್ಲಿ ನಮಗೆ ಆಸಕ್ತಿಯಿಲ್ಲ.

ಚರ್ಮವನ್ನೂ ಹಿಡಿಯುವ ಬಗೆಯಲ್ಲಿ ಪೆಟ್ಟು ಬೀಳುವುದು ಮುಖ್ಯವಾಗಿ ಕೂದಲೆಳೆಯಂಥ ರಕ್ತನಾಳಗಳಿಗೆ. ನಾಳ ಕೆಟ್ಟು, ತಂತುಗಳ ಕಂತೆಯ ಅಂಚಿನಲ್ಲಿರುವವು ಮೊದಲು ಸೊರಗುತ್ತವೆ. ಇಲ್ಲಿ ಸಹಾಯಕ ಟಿ ಕಣಗಳೆಂದು ಬಗೆದಿದ್ದವುಗಳಲ್ಲಿ ಅನೇಕವು ಇಂಟರ್ಫೆರಾನ್ ಸ್ರವಿಸುವ ಬೇರೊಂದು ಜಾತಿಯ ಕಣಗಳೆಂದು ೨೦೦೫ರಲ್ಲಿ ತಿಳಿದುಬಂದಿತು. ಬಿ ಕಣಗಳ ಸಂತತಿ ದೇಹದ ಸ್ವಂತ ಪ್ರೋಟೀನುಗಳಿಗೆ ಎದುರಾಗಿ ಪ್ರತಿಕಾಯಗಳನ್ನು ತಯಾರಿಸುತ್ತದೆ. ಅವುಗಳಲ್ಲಿ ಜೋ-೧ರ ಪ್ರತಿಕಾಯವುಳ್ಳವರಿಗೆ ಶ್ವಾಸಕೋಶವೂ ಊದಿಕೊಳ್ಳುವ ಭಯವುಂಟು.

ನಾವು ವೈದ್ಯರಲ್ಲ, ಕಾಲೇಜಿನಲ್ಲಿ ಪಾಠ ಹೇಳುವವರು. ಆದರೂ ಒಂದು ಮಾತು ಹೇಳಲೇಬೇಕಾಗಿದೆ. ನಾಶವಾದ ತಂತುವಿನ ಸ್ಥಾನದಲ್ಲಿ ಕೊಬ್ಬು ತುಂಬಿಕೊಂಡರೆ ಆ ಬಲ ಮರಳುವುದಿಲ್ಲ. ಆದ್ದರಿಂದ ತಿಂಗಳುಗಟ್ಟಲೆ ಎಣ್ಣೆ ಹಚ್ಚಿ ಕಾಯುವುದು ನಷ್ಟವೇ. ರಕ್ತದಲ್ಲಿ ಕ್ರಿಯೇಟಿನ್ ಕೈನೇಸ್ ಏರಿದೆಯೇ ಎಂದು ನೋಡುವುದು ಸುಲಭವಾದ ಪರೀಕ್ಷೆ. ಅದು ಏರದಿದ್ದರೂ ರೋಗವಿರಬಹುದಾದ್ದರಿಂದ ವೈದ್ಯರು ಮಾಂಸಖಂಡದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಬಯಸುತ್ತಾರೆ. ಇಂಥ ಪರೀಕ್ಷೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನಡೆಯುತ್ತದೆ. ವಯಸ್ಕರಲ್ಲಿ ಚರ್ಮದ ಬಗೆಯಿದ್ದರೆ ಎಲ್ಲಿಯಾದರೂ ಅರ್ಬುದ ಅಡಗಿದೆಯೇ ಎಂದೂ ಹುಡುಕುತ್ತಾರೆ.

ಚಿಕಿತ್ಸೆಯೆಂದರೆ ಕಾವಲುಗಾರರ ರೋಷವನ್ನು ತಗ್ಗಿಸುವುದು. ಮೊದಲು ಪ್ರೆಡ್ನಿಸೊಲೋನ್, ಜೊತೆಗೆ ಮೆಥೋಟ್ರೆಕ್ಸೇಟ್ ಅಥವಾ ಅಜಥಯೋಪ್ರಿನ್. ರೋಷ ತಗ್ಗಿದರೆ ಕಾವಲೂ ಸಡಿಲವಾಗುತ್ತದೆ. ಸೋಂಕಿಗೆ ಬಾಗಿಲು ತೆರೆಯುತ್ತದೆ. ಹಾಗೆಂದು ಬಿಕ್ಕೋಡಿನ ಆ ಹೆಂಗಸು ಕೈ ಮೇಲೆದ್ದಿತೆಂಬ ಸಂತೋಷದಲ್ಲಿ ಮಾತ್ರೆಯನ್ನು ಒಮ್ಮೆಗೇ ಬಿಡಲಾಗದು. ವೈದ್ಯರು ಹೇಳಿದಂತೆ ಸ್ವಲ್ಪಸ್ವಲ್ಪವಾಗಿ ಇಳಿಸುತ್ತ, ಮುಂದಿನ ಕೊಯ್ಲಿನವರೆಗೂ ನುಂಗಬೇಕಾಗಿ ಬರಬಹುದು.