ಕೊಳೆನೀರಿನ ಕೇಂದ್ರವೂ ನೋಡತಕ್ಕ ಸ್ಥಳ

ಊರಿನ ಕೊಳೆನೀರು ಬಂದು ಸೇರುವ ಜಾಗವನ್ನು ನೋಡಲು ಜನ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆಂದರೆ ಸದಸ್ಯ ಬಾಂಧವರು ನಕ್ಕಾರು. ಆದರೆ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಪೆಟಲೂಮ ಪಟ್ಟಣದಲ್ಲಿ ಇದು ನಡೆದಿದೆ. 1938ರ ಹಳೆಯ ಸ್ಥಾವರಕ್ಕೆ ಬದಲಾಗಿ 2009ರಲ್ಲಿ ಅಲ್ಲಿ ಎಲ್ಲಿಸ್ ಕ್ರೀಕ್ ಜಲ ಶುದ್ಧೀಕರಣ ಕೇಂದ್ರ ಆರಂಭವಾಯಿತು. ಮಾರ್ಗದರ್ಶಕರು ಶಾಲಾಮಕ್ಕಳಿಗೂ ಸಾರ್ವಜನಿಕರಿಗೂ ಅದನ್ನು ಸುತ್ತಿ ತೋರಿಸುತ್ತಾರೆ.

ಕೇಂದ್ರದ ವಿನ್ಯಾಸದಲ್ಲಿ ಎಂಜಿನಿಯರುಗಳ ಜೊತೆಗೆ ಪೆಟ್ರಿಷಿಯ ಜೋಹಾನ್ಸನ್ (1940–2024) ಎಂಬ ಕಲಾವಿದೆಯೂ ಕೈಗೂಡಿಸಿದ್ದರು. ನೆಲ, ನೀರು, ಗಿಡಗಳಿಂದಲೇ ಕಲಾಕೃತಿ ರೂಪಿಸುವುದು ಅವರ ಕ್ರಮ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಉಪ್ಪುಜೌಗಿನಲ್ಲಿ ಮಾತ್ರ ಬದುಕುವ, ಅಳಿವಿನಂಚಿಗೆ ಬಂದ ಒಂದು ಪುಟ್ಟ ಇಲಿಯ ಆಕಾರದಲ್ಲಿ ಕೊನೆಯ ಹಂತದ ಜೊಂಡಿನ ಕೊಳಗಳನ್ನು ಅವರು ರೂಪಿಸಿದರು. ಕೊಳಗಳ ಏರಿಗಳೇ ಜನ ಓಡಾಡುವ ಹಾದಿ.

ಇಲ್ಲಿನ ಕೆಲಸವನ್ನು ತಿಳಿಯುವುದು ಕಷ್ಟವಲ್ಲ. ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಬೇಕು. ಕೊಳೆನೀರು ನೇರವಾಗಿ ನದಿ ಸೇರಿದರೆ ಅವು ನದಿಯ ಆಮ್ಲಜನಕವನ್ನೇ ಬಳಸಿಬಿಡುತ್ತವೆ, ಮೀನು ಸಾಯುತ್ತದೆ. ಆದ್ದರಿಂದ ಮೊದಲು ಕಸವನ್ನು ಜಾಲರಿಯಲ್ಲಿ ತಡೆದು, ಅನಂತರ ತೊಟ್ಟಿಗಳಲ್ಲಿ ಗಾಳಿ ಬೆರೆಸಿ, ಸೂಕ್ಷ್ಮಜೀವಿಗಳ ಕೆಲಸವನ್ನು ಅಲ್ಲಿಯೇ ಮುಗಿಸುತ್ತಾರೆ. ಬಗ್ಗಡ ತಳದಲ್ಲಿ ತಂಗುತ್ತದೆ. ಮೇಲಿನ ನೀರು ಕೊಳಗಳನ್ನೂ ಜೊಂಡನ್ನೂ ಹಾದು ನಿಧಾನವಾಗಿ ತಿಳಿಯಾಗುತ್ತದೆ. ಮಳೆ ಬರುವ ಚಳಿಗಾಲದಲ್ಲಿ ಅದನ್ನು ನದಿಗೆ ಬಿಡುತ್ತಾರೆ. ಬೇಸಿಗೆಯಲ್ಲಿ ಮತ್ತೆ ಸೋಸಿ, ಅತಿನೇರಳೆ ಕಿರಣದಿಂದ ರೋಗಾಣು ನಾಶಮಾಡಿ, ದ್ರಾಕ್ಷಿ ತೋಟ, ಹುಲ್ಲುಗಾವಲುಗಳಿಗೆ ಹರಿಸುತ್ತಾರೆ.

ನಮ್ಮ ಪಲ್ಪರ್ ನೀರಿಗೂ ಇದೇ ನಿಯಮ ಅನ್ವಯಿಸುತ್ತದೆ. ಕಾಫಿ ಹಣ್ಣಿನ ಲೋಳೆಯಲ್ಲಿ ಸಕ್ಕರೆ ಇದೆ. ಅದು ಹುಳಿತು ನೀರು ಆಮ್ಲವಾಗುತ್ತದೆ. ಇಂಥ ನೀರು ಹಳ್ಳಕ್ಕೆ ಬಿದ್ದರೆ ಕೆಳಗಿನ ಗದ್ದೆಯವರಿಗೂ ದನಕರುಗಳಿಗೂ ಕೇಡು. ಸಿಪ್ಪೆಯನ್ನು ಬೇರ್ಪಡಿಸಿ ಗೊಬ್ಬರದ ಗುಂಡಿಗೆ ಹಾಕುವುದು, ನೀರಿಗೆ ಸುಣ್ಣ ಬೆರೆಸಿ ಹುಳಿ ತಗ್ಗಿಸುವುದು, ಬಳಿಕ ಗಾಳಿಯಿಲ್ಲದ ಹೊಂಡದಲ್ಲೂ ಆಮೇಲೆ ಗಾಳಿಯಾಡುವ ಹೊಂಡದಲ್ಲೂ ನಿಲ್ಲಿಸುವುದು ಪರಿಚಿತ ಕ್ರಮವೇ. ಪೆಟಲೂಮದ ಕೊಳಗಳನ್ನು ಕಂಡು ಜೊಂಡು ನೆಟ್ಟರೆ ಸಾಕೆಂದು ಯಾರೂ ಭಾವಿಸಬಾರದು. ಜೊಂಡು ಕೊನೆಯ ಹಂತದ್ದು. ಹುಳಿನೀರನ್ನು ಹಾಗೆಯೇ ಬಿಟ್ಟರೆ ಅದೂ ಸಾಯುತ್ತದೆ.

ಆ ಪಟ್ಟಣದಿಂದ ನಾವು ಕಲಿಯಬೇಕಾದ್ದು ಇಲಿಯ ಚಿತ್ರವನ್ನಲ್ಲ, ತೋರಿಸುವ ಧೈರ್ಯವನ್ನು. ತೋಟಕ್ಕೆ ಬಂದ ನೆಂಟರಿಗೆ ಕಣ, ಗೋದಾಮು ತೋರಿಸುತ್ತೇವೆ. ಹೊಂಡದ ಕಡೆಗೆ ಕರೆದೊಯ್ಯುವುದಿಲ್ಲ. ಯಾರೂ ನೋಡದ ಹೊಂಡದ ಏರಿ ಒಡೆದರೆ ಮೊದಲು ತಿಳಿಯುವುದು ಹಳ್ಳದ ಕೆಳಗಿನವರಿಗೆ. ನಾಲ್ಕು ಜನ ನೋಡುವ ಹೊಂಡವಾದರೆ ಹೂಳು ತೆಗೆಯುವುದು, ಏರಿ ಬಿಗಿ ಮಾಡುವುದು ತಾನಾಗಿ ನೆನಪಾಗುತ್ತದೆ.

ಆದ್ದರಿಂದ ಬರುವ ಪಲ್ಪಿಂಗ್ ಕಾಲದಲ್ಲಿ ಹೋಬಳಿಗೆ ಒಂದರಂತೆ ಸದಸ್ಯರ ಹೊಂಡಗಳನ್ನು ನೆರೆಯ ರೈತರಿಗೂ ಶಾಲಾಮಕ್ಕಳಿಗೂ ತೋರಿಸುವ ಏರ್ಪಾಟು ಮಾಡಬೇಕೆಂದಿದ್ದೇವೆ. ಮಕ್ಕಳ ರಕ್ಷಣೆಗೆ ಹೊಂಡದ ಸುತ್ತ ಭದ್ರವಾದ ಬೇಲಿ ಇರಲೇಬೇಕು. ಒಪ್ಪುವ ಸದಸ್ಯರು ಸಂಘದ ಕಛೇರಿಗೆ ತಿಳಿಸಬೇಕಾಗಿ ಕೋರುತ್ತೇವೆ.