ಖಾಸಗಿ ಜಮೀನು ಮತ್ತು ಅಕ್ರಮ ಬೇಟೆ

ಜಮೀನು ತನ್ನದಾದರೆ ಅಲ್ಲಿ ಸುಳಿಯುವ ಮೊಲ, ಜಿಂಕೆಗಳೂ ತನ್ನವೇ ಎಂಬ ಭಾವನೆ ಅನೇಕರಲ್ಲಿದೆ. ಅದು ಸರಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 9ನೇ ಕಲಮಿನ ನಿಷೇಧವು ಅರಣ್ಯಕ್ಕೆ ಅನ್ವಯಿಸುವಂತೆಯೇ ಖಾಸಗಿ ಹೊಲ, ತೋಟಗಳಿಗೂ ಅನ್ವಯಿಸುತ್ತದೆ. ಉರುಲು ಒಡ್ಡುವುದು, ಅದಕ್ಕಾಗಿ ಯತ್ನಿಸುವುದು ಸಹ ಬೇಟೆಯೆಂದೇ ಪರಿಗಣಿತವಾಗುತ್ತದೆ. ಭೂಮಾಲೀಕನ ಒಪ್ಪಿಗೆಯಿಂದ ಬೇಟೆಗಾರನ ಅಪರಾಧ ಅಳಿಯದು. ಒಪ್ಪಿಗೆಯಿತ್ತವನ ಮೇಲೆಯೇ ಕುಮ್ಮಕ್ಕಿನ ಆರೋಪ ಬರಬಹುದು. ಕಾಡುಹಂದಿಯಿಂದ ಬೆಳೆಗೆ ಹಾನಿಯಾಗುವುದು ರೈತರ ನಿಜವಾದ ಸಂಕಟವೇ ಸರಿ. ಆದರೆ ಅದಕ್ಕೆ 11ನೇ ಕಲಮಿನ ಮೇರೆಗೆ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕೃತ ಅಧಿಕಾರಿಯ ಲಿಖಿತ ಆದೇಶ ಅವಶ್ಯಕ.

ರಾತ್ರಿ ಹೊಲದಲ್ಲಿ ಬ್ಯಾಟರಿ ಬೆಳಕು ಕಂಡರೆ ಅಥವಾ ಗುಂಡಿನ ಸದ್ದು ಕೇಳಿಸಿದರೆ, ಬಂದೂಕು ಹಿಡಿದವರೊಡನೆ ವಾದಕ್ಕಿಳಿಯುವುದು ಅಪಾಯಕರ. ದೂರದಿಂದಲೇ ಸಮಯ, ವಾಹನದ ಸಂಖ್ಯೆ, ಸಾಗಿದ ದಿಕ್ಕನ್ನು ಗುರುತಿಸಿಕೊಂಡು 112ಕ್ಕೆ ಅಥವಾ ವಲಯ ಅರಣ್ಯಾಧಿಕಾರಿಗಳಿಗೆ ತಿಳಿಸುವುದು ಯುಕ್ತ. ಸತ್ತ ಪ್ರಾಣಿ, ಉರುಲು, ಖಾಲಿ ತೋಟಾಗಳನ್ನು ಮುಟ್ಟಬಾರದು, ಅವೇ ಸಾಕ್ಷ್ಯಗಳು. ಬೇಟೆಗೆ ಬಲಿಯಾದ ವನ್ಯಪ್ರಾಣಿ ಸರ್ಕಾರದ ಸ್ವತ್ತು. ಅದು ಯಾರ ವಶಕ್ಕೆ ಬಂದರೂ 48 ಗಂಟೆಗಳೊಳಗೆ ವರದಿ ಮಾಡತಕ್ಕದ್ದು. ಮಾಂಸದಲ್ಲಿ ಪಾಲು ಪಡೆದವನು ಸಾಕ್ಷಿಯಾಗಿ ಉಳಿಯುವುದಿಲ್ಲ, ಆರೋಪಿಯಾಗುತ್ತಾನೆ.

ನವಿಲು, ಕೃಷ್ಣಮೃಗಗಳಂಥ ಮೊದಲನೆಯ ಅನುಸೂಚಿಯ ಪ್ರಾಣಿಗಳನ್ನು ಕೊಂದವರಿಗೆ 3ರಿಂದ 7 ವರ್ಷಗಳ ಸೆರೆವಾಸವುಂಟು. 2022ರ ತಿದ್ದುಪಡಿಯಂತೆ ದಂಡವು 25,000 ರೂಪಾಯಿಗೆ ಕಡಿಮೆಯಿಲ್ಲ. ಅತಿಕ್ರಮ ಪ್ರವೇಶದ ದೂರನ್ನು ಪೊಲೀಸರಿಗೆ ಪ್ರತ್ಯೇಕವಾಗಿ ನೀಡಬಹುದು. ಊರಿನ ಜಮೀನನ್ನು ಪಾಲಿಗೆ ಕೊಟ್ಟು ಮುಂಬಯಿ, ಪುಣೆಗಳಲ್ಲಿ ನೆಲೆಸಿದವರು ಈ ಸಂಗತಿಗಳನ್ನು ಉಳುವವರಿಗೂ ಮುಂಚಿತವಾಗಿ ತಿಳಿಸಿಡುವುದು ಲೇಸು. ರಾತ್ರಿ ಹೊಲದಲ್ಲಿರುವವರು ಅವರೇ.